ತಾರಾ: ಒಂದು ಹೆಸರು, ಎರಡು ಬೇರು

ಒಂಟಾರಿಯೋದಲ್ಲಿ ಮಗು ಹುಟ್ಟಿದ 30 ದಿನಗಳೊಳಗೆ ಜನನವನ್ನು ನೋಂದಾಯಿಸಬೇಕು. ಹೆಸರು ರೋಮನ್ ಲಿಪಿಯಲ್ಲಿರಬೇಕು. ಆದ್ದರಿಂದ ಬರ್ಲಿಂಗ್ಟನ್ನಿನಂಥ ಊರಿನ ಕನ್ನಡ ಮನೆಗಳಲ್ಲಿ ನಾಮಕರಣಕ್ಕೆ ಮೊದಲೇ ಒಂದು ಪ್ರಶ್ನೆ ಏಳುತ್ತದೆ: ಊರಿನ ಅಜ್ಜಿಗೂ ಇಲ್ಲಿಯ ಶಾಲೆಯ ಶಿಕ್ಷಕಿಗೂ ಒಗ್ಗುವ ಹೆಸರು ಯಾವುದು? ಅಂಥ ಹೆಸರುಗಳಲ್ಲಿ ‘ತಾರಾ’ ಒಂದು.

ಸಂಸ್ಕೃತದಲ್ಲಿ ತಾರಾ ಎಂದರೆ ನಕ್ಷತ್ರ. ಇಂಗ್ಲಿಷಿನ ‘ಸ್ಟಾರ್’, ಪಾರಸಿಯ ‘ಸಿತಾರಾ’ ಇದರ ದೂರದ ಬಂಧುಗಳು. ದಾಟು ಎಂಬರ್ಥದ ‘ತೄ’ ಧಾತುವಿನಿಂದ ‘ದಾಟಿಸುವವಳು’ ಎಂದೂ ಅರ್ಥ ಹೇಳುವುದುಂಟು. ಬೌದ್ಧರ ತಾರಾದೇವಿ ಈ ಅರ್ಥದವಳು. ಕನ್ನಡನಾಡಿಗೆ ಆಕೆ ಹೊಸಬಳಲ್ಲ. ಗದಗ ಜಿಲ್ಲೆಯ ಡಂಬಳ, ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಗಳಲ್ಲಿ ಆಕೆಯ ಆರಾಧನೆಯಿದ್ದುದನ್ನು 11ನೆಯ ಶತಮಾನದ ಶಾಸನಗಳು ತಿಳಿಸುತ್ತವೆ.

ರಾಮಾಯಣದ ತಾರೆ ವಾಲಿಯ ಪತ್ನಿ, ಪಂಚಕನ್ಯೆಯರಲ್ಲೊಬ್ಬಳು. ಸುಗ್ರೀವನ ಬೆನ್ನಿಗೆ ರಾಮನಿದ್ದಾನೆಂದು ಗಂಡನನ್ನು ಎಚ್ಚರಿಸಿದವಳು, ಮುಂದೆ ಮುನಿದು ಬಂದ ಲಕ್ಷ್ಮಣನನ್ನು ಮಾತಿನಿಂದಲೇ ತಣಿಸಿದವಳು ಅವಳೇ. ಆಕೆಯ ಕಿಷ್ಕಿಂಧೆಯನ್ನು ಸಂಪ್ರದಾಯವು ಹಂಪಿ–ಆನೆಗೊಂದಿಯ ಪರಿಸರದಲ್ಲಿ ಗುರುತಿಸುತ್ತದೆ.

ಕೆನಡಾದವರ ಕಿವಿಗೆ ಪರಿಚಿತವಾದ ‘ಟಾರಾ’ದ ಬೇರು ಬೇರೆಯೇ. ಅದು ಐರ್ಲೆಂಡಿನ ಮೀಥ್ ಕೌಂಟಿಯಲ್ಲಿರುವ, ಪ್ರಾಚೀನ ಅರಸರ ಪೀಠವೆನಿಸಿದ ಗುಡ್ಡದ ಹೆಸರು. ಒಂಟಾರಿಯೋದ ಬ್ರೂಸ್ ಕೌಂಟಿಯಲ್ಲಿ ಅದೇ ಹೆಸರಿನ ಊರೊಂದಿದೆ. ಮಾರ್ಗರೆಟ್ ಮಿಚೆಲ್ 1936ರ ‘ಗಾನ್ ವಿತ್ ದಿ ವಿಂಡ್’ ಕಾದಂಬರಿಯಲ್ಲಿ ನಾಯಕಿಯ ತೋಟದ ಮನೆಗೆ ಈ ಹೆಸರಿಟ್ಟರು. 1939ರ ಚಲನಚಿತ್ರ ಅದನ್ನು ಮನೆಮಾತಾಗಿಸಿತು. ಇಂಗ್ಲಿಷ್ ಮಾತಾಡುವ ನಾಡುಗಳಲ್ಲಿ ಅದು ಹೆಣ್ಣುಮಕ್ಕಳ ಹೆಸರಾಗಿ ಬಳಕೆಗೆ ಬರಲು ಇವು ನೆರವಾದವು.

ಎರಡು ಹೆಸರುಗಳ ಹೋಲಿಕೆ ಕೇವಲ ಆಕಸ್ಮಿಕ. ಅನುಕೂಲವಿರುವುದೂ ತೊಡಕಿರುವುದೂ ಇಲ್ಲಿಯೇ. ರೋಮನ್ ಅಕ್ಷರಗಳು ‘ತ’ಕಾರ ‘ಟ’ಕಾರಗಳ ಭೇದವನ್ನು ತೋರಿಸವು, ಸ್ವರ ಹ್ರಸ್ವವೋ ದೀರ್ಘವೋ ಎಂಬುದನ್ನೂ ತಿಳಿಸವು. ಶಾಲೆಯಲ್ಲಿ ಮಗು ‘ಟಾರ’ವೋ ‘ಟ್ಯಾರ’ವೋ ಆಗಬಹುದು. ಅಪರಿಚಿತ ಹೆಸರನ್ನು ಕಂಡವರು ಹೇಗೆ ಉಚ್ಚರಿಸಬೇಕೆಂದು ಕೇಳುತ್ತಾರೆ. ಪರಿಚಿತವೆನಿಸಿದ್ದನ್ನು ಯಾರೂ ಕೇಳುವುದಿಲ್ಲ. ಹೀಗೆ ಎಲ್ಲರಿಗೂ ಸುಲಭವಾದ ಹೆಸರೇ ತನ್ನ ಮೂಲ ಧ್ವನಿಯನ್ನು ಸದ್ದಿಲ್ಲದೆ ಕಳೆದುಕೊಳ್ಳುತ್ತದೆ.

ಜನನಪತ್ರ ಉಳಿಸಿಕೊಡುವುದು ನಾಲ್ಕು ರೋಮನ್ ಅಕ್ಷರಗಳನ್ನು ಮಾತ್ರ. ನಾಲಿಗೆಯನ್ನು ಹಲ್ಲಿಗೆ ತಾಗಿಸಿ ನುಡಿಯುವ ‘ತಾ’ವನ್ನೂ ಕಿಷ್ಕಿಂಧೆಯ ಆ ವಿವೇಕಿಯ ಕಥೆಯನ್ನೂ ದಾಟಿಸಬೇಕಾದವರು ಮನೆಯವರು. ಮಗು ಮೊದಲು ಬರೆಯಲು ಕಲಿಯುವ ಕನ್ನಡ ಪದ ಅದರ ಹೆಸರೇ ಆಗಿದ್ದರೆ, ಆ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.