ಅನ್ನನಾಳದೊಳಗಿನ ಸುರಂಗ

ಅನ್ನನಾಳ ಜಠರವನ್ನು ಸೇರುವಲ್ಲಿ ಬಳೆಯಾಕಾರದ ಒಂದು ಸ್ನಾಯುವಿದೆ. ತುತ್ತು ಇಳಿದು ಬಂದಾಗ ಅದು ಸಡಿಲಗೊಂಡು ದಾರಿ ಬಿಡಬೇಕು, ಆಮೇಲೆ ಬಿಗಿದುಕೊಂಡು ಜಠರದ ಆಮ್ಲ ಮೇಲೇರದಂತೆ ತಡೆಯಬೇಕು. ಸಡಿಲಗೊಳ್ಳಲು ಸೂಚನೆ ಕೊಡುವ ನರಕೋಶಗಳು ನಶಿಸಿದರೆ ಈ ಬಾಗಿಲು ತೆರೆಯುವುದೇ ಇಲ್ಲ. ಅದೇ ಅಕಲೇಸಿಯಾ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಅಪರೂಪದ ಕಾಯಿಲೆ. ಅನ್ನವಿರಲಿ, ನೀರು ಕೂಡ ಎದೆಯಲ್ಲೇ ನಿಲ್ಲುತ್ತದೆ. ರಾತ್ರಿ ಮಲಗಿದರೆ ಉಂಡದ್ದು ಬಾಯಿಗೆ ಬರುತ್ತದೆ. ತೂಕ ಇಳಿಯುತ್ತದೆ. ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗುವವರೂ ಇದ್ದಾರೆ.

ಈ ಕಾಯಿಲೆಯ ಮೊದಲ ದಾಖಲೆ 1674ರದು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ ತಿಮಿಂಗಿಲದಿಂದ ಪಡೆದ ಬಾಗುವ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿಕೊಟ್ಟ. ಅವನ ರೋಗಿ ಪ್ರತಿ ಊಟದಲ್ಲೂ ಅದರಿಂದ ಆಹಾರವನ್ನು ಜಠರಕ್ಕೆ ತಳ್ಳಿಕೊಳ್ಳುತ್ತ ಹಲವು ವರ್ಷ ಬದುಕಿದ. ದಾರಿಯನ್ನು ಬಲವಂತವಾಗಿ ಅಗಲಿಸುವ ಆ ಉಪಾಯವೇ ಮುಂದೆ ಬಲೂನ್ ಚಿಕಿತ್ಸೆಯಾಗಿ ಬೆಳೆಯಿತು. ಸ್ನಾಯುವನ್ನೇ ಕತ್ತರಿಸುವ ಧೈರ್ಯ ಮಾಡಿದವನು ಜರ್ಮನಿಯ ಲೈಪ್‌ಜಿಗ್‌ನ ಶಸ್ತ್ರವೈದ್ಯ ಅರ್ನ್ಸ್ಟ್ ಹೆಲ್ಲರ್, 1913ರಲ್ಲಿ. 1990ರ ದಶಕದಲ್ಲಿ ಅದೇ ಶಸ್ತ್ರಚಿಕಿತ್ಸೆ ಲ್ಯಾಪರೋಸ್ಕೋಪಿಗೆ ಬಂದು, ಹೊಟ್ಟೆಯ ಮೇಲಿನ ಗಾಯ ಕೆಲವು ಸಣ್ಣ ರಂಧ್ರಗಳಿಗೆ ಇಳಿಯಿತು.

ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಒಳಗಿನಿಂದಲೇ ಸ್ನಾಯು ಕತ್ತರಿಸುವ ಪ್ರಯತ್ನ 1980ರಲ್ಲೇ ನಡೆದಿತ್ತು. ಆದರೆ ಒಳಪೊರೆಯನ್ನೂ ಸ್ನಾಯುವನ್ನೂ ಒಂದೇ ಜಾಗದಲ್ಲಿ ಸೀಳಿದರೆ, ಕತ್ತಿ ಸ್ವಲ್ಪ ಆಳಕ್ಕಿಳಿದರೂ ಅನ್ನನಾಳ ತೂತಾಗಿ ಎಂಜಲು ಎದೆಗೂಡಿನೊಳಗೆ ಸೋರಬಹುದು. ಅದರಿಂದ ಪ್ರಾಣಾಪಾಯದ ಸೋಂಕು ತಗಲಬಹುದು. ಈ ಭಯದಿಂದ ವಿಧಾನ ಹರಡಲಿಲ್ಲ.

ಪರಿಹಾರ ಬಂದದ್ದು ಕ್ಯಾನ್ಸರ್ ಚಿಕಿತ್ಸೆಯ ಕಡೆಯಿಂದ. ಆರಂಭದ ಹಂತದ ಕ್ಯಾನ್ಸರನ್ನು ಎಂಡೋಸ್ಕೋಪ್ ಮೂಲಕವೇ ಒಳಪೊರೆಯ ಸಮೇತ ಬಿಡಿಸಿ ತೆಗೆಯುವ ಕೌಶಲವನ್ನು ಜಪಾನಿನ ವೈದ್ಯರು ಬೆಳೆಸಿಕೊಂಡಿದ್ದರು. ಒಳಪೊರೆಗೂ ಸ್ನಾಯುವಿಗೂ ನಡುವಿನ ಪದರದಲ್ಲಿ ಕೆಲಸ ಮಾಡುವುದು ಅವರಿಗೆ ಕರಗತವಾಗಿತ್ತು. 2007ರಲ್ಲಿ ಅಮೆರಿಕದಲ್ಲಿ ಪಂಕಜ್ ಪಸ್ರೀಚಾ ಮತ್ತು ಸಂಗಡಿಗರು ಆ ಪದರದಲ್ಲಿ ಸುರಂಗ ಕೊರೆದು ಹಂದಿಗಳ ಅನ್ನನಾಳದ ಸ್ನಾಯು ಕತ್ತರಿಸಿ ತೋರಿಸಿದರು. ಮರುವರ್ಷ, 2008ರ ಸೆಪ್ಟೆಂಬರ್‌ನಲ್ಲಿ, ಯೊಕೊಹಾಮದಲ್ಲಿ ಹಾರುಹಿರೊ ಇನೋವೆ ಇದನ್ನು ಮನುಷ್ಯರಲ್ಲಿ ಮಾಡಿದರು. ಮೊದಲ 17 ರೋಗಿಗಳ ವರದಿ 2010ರಲ್ಲಿ ಪ್ರಕಟವಾಯಿತು. ಆ ವಿಧಾನಕ್ಕೆ ಈಗ ಪೋಯೆಮ್ ಎಂದು ಹೆಸರು.

ಇಲ್ಲಿನ ಜಾಣ್ಮೆ ಇರುವುದು ಎರಡು ಕೊಯ್ತಗಳ ನಡುವಿನ ಅಂತರದಲ್ಲಿ. ಪೂರ್ಣ ಅರಿವಳಿಕೆ ಕೊಟ್ಟ ಮೇಲೆ ಒಳಪೊರೆಯ ಕೆಳಗೆ ನೀಲಿ ಬಣ್ಣ ಬೆರೆಸಿದ ಸಲೈನ್ ಚುಚ್ಚಿ ಉಬ್ಬಿಸುತ್ತಾರೆ. ಬಿಗಿದ ಸ್ನಾಯುವಿಗಿಂತ ಸಾಕಷ್ಟು ಮೇಲೆ ಸುಮಾರು 2 ಸೆಂಟಿಮೀಟರ್ ಸೀಳಿ, ಅಲ್ಲಿಂದ ಎಂಡೋಸ್ಕೋಪ್ ತೂರಿಸಿ, ನೀಲಿ ಪದರವನ್ನು ಬಿಡಿಸುತ್ತ ಜಠರದ ಆರಂಭದವರೆಗೆ ಸುರಂಗ ಮಾಡುತ್ತಾರೆ. ಸ್ನಾಯುವಿನ ಎಳೆಗಳನ್ನು ಕತ್ತರಿಸುವುದು ಈ ಸುರಂಗದೊಳಗೆ. ಕೊನೆಗೆ ಮೇಲಿನ ಸೀಳಿಗೆ ಕ್ಲಿಪ್ ಹಾಕುತ್ತಾರೆ. ಸ್ನಾಯು ತೆರೆದ ಜಾಗದ ಮೇಲೆ ಒಳಪೊರೆ ಇಡಿಯಾಗಿಯೇ ಉಳಿಯುವುದರಿಂದ ಸೋರುವ ಭಯ ಬಹಳ ಕಡಿಮೆ.

ಭಾರತಕ್ಕೂ ಇದು ಬೇಗ ಬಂತು. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವೈದ್ಯರು 2017ರ ಹೊತ್ತಿಗೆ 400ಕ್ಕೂ ಹೆಚ್ಚು ರೋಗಿಗಳ ಅನುಭವ ಪ್ರಕಟಿಸಿದ್ದರು. 2019ರಲ್ಲಿ ಪ್ರಕಟವಾದ ಯುರೋಪಿನ ಹೋಲಿಕೆ ಅಧ್ಯಯನದಲ್ಲಿ ಎರಡು ವರ್ಷದ ಬಳಿಕ ಪೋಯೆಮ್ ಶೇ 83ರಷ್ಟು, ಲ್ಯಾಪರೋಸ್ಕೋಪಿ ಸುಮಾರು ಶೇ 82ರಷ್ಟು ರೋಗಿಗಳಲ್ಲಿ ಫಲ ಕೊಟ್ಟಿದ್ದವು. ಆದರೆ ಲ್ಯಾಪರೋಸ್ಕೋಪಿಯಲ್ಲಿ ಆಮ್ಲ ತಡೆಯಲು ಜಠರದ ಮೇಲ್ಭಾಗವನ್ನು ಮಡಿಸಿ ಹೊಲಿಯುತ್ತಾರೆ, ಪೋಯೆಮ್‌ನಲ್ಲಿ ಆ ತಡೆ ಇಲ್ಲ. ಆಮ್ಲದಿಂದಾದ ಅನ್ನನಾಳದ ಉರಿಯೂತ ಪೋಯೆಮ್ ಆದವರಲ್ಲಿ ಶೇ 44, ಇನ್ನೊಂದು ಗುಂಪಿನಲ್ಲಿ ಶೇ 29. ದೀರ್ಘಕಾಲ ಆಮ್ಲ ತಾಗುತ್ತಿದ್ದರೆ ಒಳಪೊರೆಯ ಸ್ವರೂಪವೇ ಬದಲಾಗಿ ಒಂದು ಬಗೆಯ ಕ್ಯಾನ್ಸರಿಗೆ ದಾರಿಯಾಗಬಹುದು. ಆದ್ದರಿಂದ ಎದೆಯುರಿ ಇರಲಿ ಇಲ್ಲದಿರಲಿ, ಚಿಕಿತ್ಸೆಯ ನಂತರ ಆಮ್ಲದ ಪರೀಕ್ಷೆ ಬೇಕು.

ಇನ್ನೊಂದು ಬಗೆಯ ಕ್ಯಾನ್ಸರಿನ ಅಪಾಯ ಅಕಲೇಸಿಯಾದ ಜೊತೆಗೇ ಬರುತ್ತದೆ. ಅನ್ನನಾಳದಲ್ಲಿ ವರ್ಷಗಟ್ಟಲೆ ನಿಂತು ಹುಳಿಯುವ ಆಹಾರ, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಒಳಪೊರೆಯನ್ನು ಸದಾ ಕೆರಳಿಸುತ್ತವೆ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಬಲೂನ್ ಚಿಕಿತ್ಸೆ ಪಡೆದ 448 ರೋಗಿಗಳ ಮೇಲೆ ನಿಗಾ ಇಟ್ಟಾಗ 15 ಮಂದಿಯಲ್ಲಿ ಅನ್ನನಾಳದ ಕ್ಯಾನ್ಸರ್ ಕಂಡಿತು. ಅಪಾಯ ಸಾಮಾನ್ಯ ಜನರಿಗಿಂತ 28 ಪಟ್ಟು ಎಂದು 2010ರ ವರದಿ ಲೆಕ್ಕ ಹಾಕಿತು. ಅವರೆಲ್ಲ ಚಿಕಿತ್ಸೆ ಪಡೆದವರೇ ಎಂಬುದನ್ನು ಗಮನಿಸಬೇಕು. ಬಾಗಿಲು ತೆರೆದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ಹಿಗ್ಗಿದ ಅನ್ನನಾಳದಲ್ಲಿ ಗಡ್ಡೆ ಬೆಳೆದರೂ ದಾರಿ ಬೇಗ ಕಟ್ಟುವುದಿಲ್ಲ. ಕಟ್ಟಿದಾಗಲೂ ಹಳೆಯ ತೊಂದರೆಯೇ ಮರುಕಳಿಸಿತೆಂದು ರೋಗಿ ಸುಮ್ಮನಿರುತ್ತಾನೆ.

ಯಾವಾಗ, ಎಷ್ಟು ಸಲ ಪರೀಕ್ಷಿಸಬೇಕೆಂಬುದರಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ರೋಗ ಶುರುವಾಗಿ ಹತ್ತು–ಹದಿನೈದು ವರ್ಷ ದಾಟಿದವರಿಗೆ ಮೂರು ವರ್ಷಕ್ಕೊಮ್ಮೆಯಾದರೂ ಎಂಡೋಸ್ಕೋಪಿ ಒಳ್ಳೆಯದೆಂದು ಹಲವರು ಹೇಳುತ್ತಾರೆ. ಪರೀಕ್ಷೆಗೆ ಮುನ್ನ ದ್ರವಾಹಾರದಲ್ಲಿರಬೇಕು, ಇಲ್ಲವಾದರೆ ಉಳಿದ ಆಹಾರ ಒಳಪೊರೆಯನ್ನು ಮರೆಮಾಡುತ್ತದೆ. ಅಯೋಡಿನ್ ಸಿಂಪಡಿಸಿದರೆ ಆರೋಗ್ಯವಂತ ಪೊರೆ ಕಂದಾಗುತ್ತದೆ, ಶಂಕಾಸ್ಪದ ಜಾಗ ಬಿಳಿಚಿಕೊಂಡು ಉಳಿಯುತ್ತದೆ. ಆರಂಭದ ಹಂತದಲ್ಲೇ ಸಿಕ್ಕ ಕ್ಯಾನ್ಸರನ್ನು ಎಂಡೋಸ್ಕೋಪ್ ಮೂಲಕವೇ ತೆಗೆಯಬಹುದು. ಪೋಯೆಮ್ ಆದ ನಂತರ ಸಲೀಸಾಗಿ ಊಟ ಮಾಡುತ್ತಿರುವವರು ಕೂಡ ಮುಂದಿನ ಎಂಡೋಸ್ಕೋಪಿ ಯಾವಾಗ ಎಂದು ತಮ್ಮ ವೈದ್ಯರನ್ನು ಕೇಳಿಟ್ಟುಕೊಳ್ಳಬೇಕು.