ಜಿಂಕೆಗೆ ಮೇವು ಹಾಕೋದು ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ

ಈ ವಾರದ ಮಾತಿನ ಬರಹ ರೂಪ ಇಲ್ಲಿದೆ.

ನಮ್ಮಲ್ಲಿ ಬಹಳ ಜನಕ್ಕೆ ಒಂದೇ ಕನಸು: ಇನ್ನೈದು ವರ್ಷ ಕೆಲಸ, ಆಮೇಲೆ ಊರು, ತೋಟ, ನಾಲ್ಕು ದನ. ನನಗೂ ಅದೇ. ಪುಣೆಯಲ್ಲಿ ಕೂತು ಫೋನ್‌ನಲ್ಲಿ, "ಅಪ್ಪಾ, ಹಿಂಡಿ ಜಾಸ್ತಿ ಹಾಕಿ, ಕರು ಬೇಗ ಬೆಳೆಯುತ್ತೆ" ಅಂದಿದ್ದೆ. "ಹಾಕಿದ್ದೆಲ್ಲ ಮೈಗೆ ಹತ್ತಲ್ಲ ಕಣೋ" ಅಂದ್ರು. ಅದರ ಅರ್ಥ ಸರಿಯಾಗಿ ತಿಳಿದಿದ್ದು ನ್ಯೂಜಿಲೆಂಡಿನ ಜಿಂಕೆ ಸಾಕಣೆ ಬಗ್ಗೆ ಓದಿದಾಗ.

ಅಲ್ಲಿಗೆ ಕೆಂಪು ಜಿಂಕೆಯನ್ನು 19ನೇ ಶತಮಾನದಲ್ಲಿ ಬೇಟೆಗಾಗಿ ಬ್ರಿಟನ್‌ನಿಂದ ತಂದು ಬಿಟ್ಟರು. ಅವು ಮಿತಿಮೀರಿ ಹೆಚ್ಚಿ ಕಾಡು ಹಾಳಾಯ್ತು, ಸರ್ಕಾರವೇ ಕೊಲ್ಲಿಸಬೇಕಾಯ್ತು. 1970ರ ದಶಕದಲ್ಲಿ ಹೆಲಿಕಾಪ್ಟರ್ ಬಳಸಿ ಜೀವಂತ ಹಿಡಿದು, ಎತ್ತರದ ಬೇಲಿಯೊಳಗೆ ಸಾಕೋದು ಜೋರಾಯ್ತು.

ಈ ಜಿಂಕೆಯ ಹಸಿವು, ಬೆಳವಣಿಗೆ, ಬೆದೆ ಮೂರನ್ನೂ ನಡೆಸೋದು ಹಗಲಿನ ಉದ್ದ. ಕತ್ತಲೆಯಲ್ಲಿ ಮೆದುಳಿನಿಂದ ಬರುವ ಮೆಲಟೋನಿನ್ ದೇಹಕ್ಕೆ ಕಾಲ ತಿಳಿಸುತ್ತೆ. ಸ್ಕಾಟ್ಲೆಂಡ್‌ನಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೆದೆಗೆ ಬರುವ ಇದೇ ಜಾತಿ, ನ್ಯೂಜಿಲೆಂಡ್‌ನಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಬರುತ್ತೆ. ಎರಡೂ ಕಡೆ ಅದು ಹಗಲು ಕುಗ್ಗುವ ಕಾಲ.

ಚಳಿಗಾಲದಲ್ಲಿ ಮರಿಗಳು ತಾವಾಗೇ ಕಡಿಮೆ ತಿನ್ನುತ್ತವೆ. ಮುಂದೆ ಎಷ್ಟೇ ಮೇವು ಸುರಿದರೂ ಅಷ್ಟೇ. ಅಲ್ಲಿನ ಇನ್ವರ್‌ಮೇ ಸಂಶೋಧನಾ ಕೇಂದ್ರದಲ್ಲಿ ಚಳಿಗಾಲದಲ್ಲೇ ಮರಿಗಳಿಗೆ ದಿನಕ್ಕೆ 16 ಗಂಟೆ ದೀಪದ ಬೆಳಕು ಕೊಟ್ಟು ನೋಡಿದರು. ಹೆಚ್ಚು ತಿಂದವು, ಬೇಗ ಬೆಳೆದವು. ಬಯಲಲ್ಲಿ ಸಾಕುವ ರೈತನಿಗೆ ಇದು ಆಗದ ಮಾತು. ಅವನು ಚಳಿಗೆ ಮುಂಚೆಯೇ ಮರಿಗಳನ್ನು ಚೆನ್ನಾಗಿ ಬೆಳೆಸಿಕೊಳ್ಳಬೇಕು, ಚಳಿಯಲ್ಲಿ ತೂಕ ಇಳಿಯದಂತೆ ಕಾಯಬೇಕು, ವಸಂತದಲ್ಲಿ ಹಸಿವು ತೆರೆದಾಗ ಒಳ್ಳೆಯ ಹುಲ್ಲು ಒದಗಿಸಬೇಕು.

ಇನ್ನು ತಾಯಿ ಜಿಂಕೆ. ಗಬ್ಬ ಸುಮಾರು 233 ದಿನ. ನವೆಂಬರ್-ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ಒಂದೇ ಮರಿ. ಹಾಲು ಕೊಡುವಾಗ ಅದಕ್ಕೆ ಮಾಮೂಲಿಗಿಂತ ಎರಡು ಪಟ್ಟಿಗೂ ಹೆಚ್ಚು ಆಹಾರ ಬೇಕು. ಆದರೆ ಹುಲ್ಲು ಉಕ್ಕಿ ಬರೋದು ಅಕ್ಟೋಬರ್-ನವೆಂಬರ್‌ನಲ್ಲಿ. ಮರಿ ಇನ್ನೂ ಹಾಲು ಕುಡಿಯುತ್ತಿರುವ ಜನವರಿಗೆ ಎಷ್ಟೋ ಕಡೆ ಒಣಗಿರುತ್ತೆ. ರೈತ ಸೋಲೋದು ಇಲ್ಲೇ.

ಹೆಣ್ಣು ಮರಿಯ ಲೆಕ್ಕ ಇನ್ನೂ ಕಟ್ಟುನಿಟ್ಟು. ಸುಮಾರು 16 ತಿಂಗಳಿಗೆ ಅದು ಮೊದಲ ಬೆದೆಗೆ ಬರಬೇಕಾದರೆ, ಪೂರ್ತಿ ಬೆಳೆದ ಹೆಣ್ಣಿನ ತೂಕದ ಶೇ. 70ರಷ್ಟಾದರೂ ಇರಬೇಕು. ತೂಕ ಸಾಲದೆ ಗಬ್ಬ ಕಟ್ಟದಿದ್ದರೆ ಮುಂದಿನ ತಿಂಗಳು ನೋಡೋಣ ಅನ್ನೋ ಹಾಗಿಲ್ಲ. ಇಡೀ ವರ್ಷ ಕಾಯಬೇಕು, ಅಷ್ಟೂ ದಿನ ಮೇವಿನ ಖರ್ಚು ನಿಲ್ಲಲ್ಲ.

ಗಂಡಿನ ಕಥೆ ಬೇರೆ. ಬೆದೆಯ ವಾರಗಳಲ್ಲಿ ಹೆಚ್ಚುಕಮ್ಮಿ ತಿನ್ನೋದನ್ನೇ ಬಿಟ್ಟು, ಕೊಬ್ಬೆಲ್ಲ ಕರಗಿಸಿ, ಬಡಕಲಾಗಿ ಚಳಿಗೆ ಕಾಲಿಡುತ್ತೆ. ಆಗ ನೋಡಿಕೊಳ್ಳದಿದ್ದರೆ ಸತ್ತೂ ಹೋಗಬಹುದು. ಹಾಗಂತ ಗಾಬರಿಯಲ್ಲಿ ಒಮ್ಮೆಗೇ ಬಾರ್ಲಿ ಸುರಿದರೂ ಅಪಾಯ. ಮೆಲುಕು ಹಾಕುವ ಪ್ರಾಣಿ. ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಜೀವಕ್ಕೇ ಬರುತ್ತೆ. ಹಬ್ಬದ ದಿನ ಉಳಿದ ಅನ್ನ ತಿಂದು ಹಸು ಹೊಟ್ಟೆ ಉಬ್ಬಿಸಿಕೊಳ್ಳುತ್ತಲ್ಲ, ಹಾಗೇ. ಕಾಳನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು.

ಇದನ್ನು ಓದಿ ಯಾರೂ ಊರಲ್ಲಿ ಜಿಂಕೆ ಸಾಕೋಕೆ ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಚುಕ್ಕೆ ಜಿಂಕೆ, ಕಡವೆಗಳನ್ನು ಹಾಗೆ ಸಾಕುವಂತಿಲ್ಲ. ಅಲ್ಲದೆ ನಮ್ಮ ಚುಕ್ಕೆ ಜಿಂಕೆಗೆ ಕೆಂಪು ಜಿಂಕೆಯಷ್ಟು ಬಿಗಿಯಾದ ಕಾಲವೂ ಇಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಮರಿ ಕಾಣಬಹುದು.

ದನವೋ ಕುರಿಯೋ, ನಾಳೆ ನೀವು ಏನೇ ಸಾಕಿದರೂ ಮೇವಿನ ಬಜೆಟ್ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪ್ರಾಣಿಯ ಮೈ ಯಾವ ತಿಂಗಳಲ್ಲಿ ಏನು ಕೇಳುತ್ತೆ? ಎಕ್ಸೆಲ್ ಶೀಟ್ ಆಮೇಲೆ ತೆರೆಯೋಣ. ನಾನಂತೂ ಈಗ ಅಪ್ಪನಿಗೆ ಸಲಹೆ ಕೊಡೋದು ಬಿಟ್ಟು, "ಈ ತಿಂಗಳು ಏನು ಹಾಕ್ತಿದ್ದೀರಾ?" ಅಂತ ಕೇಳ್ತೀನಿ.

ಮುಂದಿನ ವಾರ ಸಿಗೋಣ.