ಅಟ್ಟದ ಮೇಲಿನ ಹಳೇ ಕ್ಯಾಸೆಟ್ ಮೊಬೈಲಿಗೆ ಬರಬೇಕಾ? ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಹೊಸಪೇಟೆ: ಮನೆಗೆ ಸುಣ್ಣ-ಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು ಡಬ್ಬ ಕ್ಯಾಸೆಟ್ ಕೆಳಗಿಳಿಯುತ್ತೆ. ಅದರಲ್ಲಿ ಸಿನಿಮಾ ಹಾಡಿನವು ಹೋದರೂ ಚಿಂತೆಯಿಲ್ಲ, ಯೂಟ್ಯೂಬ್‌ನಲ್ಲಿ ಸಿಗ್ತವೆ. ಆದರೆ ಪೆನ್ನಲ್ಲಿ ಹೆಸರು ಬರೆದಿಟ್ಟ ನಾಲ್ಕೈದು ಕ್ಯಾಸೆಟ್ ಇರ್ತವೆ. ಊರಿನ ಬಯಲಾಟ, ಮೊಹರಂ ಪದ, ಮದುವೆ ಮನೆಯ ಸೋಬಾನೆ, ತೀರಿಹೋದ ಅಜ್ಜನ ದನಿ. ಇವುಗಳ ಎರಡನೇ ಕಾಪಿ ಎಲ್ಲೂ ಇಲ್ಲ.

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಭಾಗದಲ್ಲಿ ಇಂಥ ದನಿಗಳಿಗೆ ಬೆಲೆ ಜಾಸ್ತಿ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಓದು-ಬರಹ ಕಲಿತವರಲ್ಲ. ಇಡೀ ಬುರ್ರಕಥೆಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತ್ತು. 2014ರಲ್ಲಿ ಅವರು ತೀರಿಕೊಂಡರು. ಪದವನ್ನು ಬರೆದಿಡಬಹುದು, ಆದರೆ ದನಿಯ ಏರಿಳಿತ ಉಳಿಯೋದು ರೆಕಾರ್ಡಿಂಗ್‌ನಲ್ಲಿ ಮಾತ್ರ. ಹೆಸರಾಗದ ಹಾಡುಗಾರರ ದನಿ ಉಳಿದಿದ್ದರೆ ಅದು ಹೆಚ್ಚಾಗಿ ಯಾರದೋ ಮನೆಯ ಕ್ಯಾಸೆಟ್‌ನಲ್ಲೇ.

ಕ್ಯಾಸೆಟ್ ಕೆಡೋದು ಯಾಕೆ?

ರೀಲಿನ ಕಂದು ಬಣ್ಣ ಏನಂದುಕೊಂಡಿರಿ? ಮಾಮೂಲಿ ಕ್ಯಾಸೆಟ್‌ಗಳಲ್ಲಿ ಅದು ಕಬ್ಬಿಣದ ಆಕ್ಸೈಡ್. ಸಂಡೂರಿನ ಕೆಂಪು ಅದಿರಿನ ಹತ್ತಿರದ ಸಂಬಂಧಿ. ತೆಳು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಆ ಪುಡಿಯನ್ನು ಅಂಟಿಸಿರ್ತಾರೆ, ಅದರ ಕಾಂತತ್ವದಲ್ಲಿ ದನಿ ಕೂತಿರುತ್ತೆ. ತಗಡಿನ ಮನೆಯ ಬಿಸಿಲು, ಮಳೆಗಾಲದ ತೇವ, ಧೂಳು ಸೇರಿದರೆ ಅಂಟು ಸಡಿಲಾಗುತ್ತೆ, ಬೂಷ್ಟು ಹಿಡಿಯುತ್ತೆ. 60 ನಿಮಿಷದ ಕ್ಯಾಸೆಟ್‌ಗಿಂತ 90 ನಿಮಿಷದ್ದರ ರೀಲು ಇನ್ನೂ ತೆಳು, ಬೇಗ ಸಿಕ್ಕಿಕೊಳ್ಳುತ್ತೆ. ತೀರಾ ಹಳೇ ಕ್ಯಾಸೆಟ್ ಇನ್ನು ಒಂದೇ ಸಲ ಸರಿಯಾಗಿ ಓಡಬಹುದು. ಹಾಗಾಗಿ ಆ ಒಂದು ಸಲ ತಪ್ಪಬಾರದು.

ಬಿಳಿ ಬೂಷ್ಟು ಕಂಡರೆ ಪ್ಲೇ ಮಾಡಲೇಬೇಡಿ, ಗೊತ್ತಿದ್ದವರ ಕೈಗೆ ಕೊಡಿ. ಉಳಿದವುಗಳಲ್ಲಿ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಹಾಕಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಹಳೇದು ಅಳಿಸೋದಿಲ್ಲ.

ಮೊದಲ ಖರ್ಚು ಪ್ಲೇಯರ್‌ಗೆ

ತುಂಬ ಜನ ಮೊದಲು ಕೇಳೋದು 'ಯಾವ ಸಾಫ್ಟ್‌ವೇರ್ ಒಳ್ಳೇದು?' ಅಂತ. ಆದರೆ ಅದು ಕೊನೆಯ ಪ್ರಶ್ನೆ. ರೀಲಿನಿಂದ ದನಿ ಸರಿಯಾಗಿ ಎದ್ದು ಬರದಿದ್ದರೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ತಂದುಕೊಡೋದಿಲ್ಲ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್‌ಗಳ ಮೋಟಾರ್ ಸಾಮಾನ್ಯವಾಗಿ ಹಗುರ. ವೇಗ ಹೆಚ್ಚು-ಕಮ್ಮಿ ಆಗಿ ದನಿ ಅಲುಗಾಡುತ್ತೆ. ಅದಕ್ಕಿಂತ ಮನೆಯಲ್ಲೇ ಇರುವ ಹಳೇ ಡೆಕ್ ಅಥವಾ ಒಳ್ಳೇ ಟೂ-ಇನ್-ಒನ್‌ಗೆ ಹೊಸ ಬೆಲ್ಟ್ ಹಾಕಿಸೋದು ಮೇಲು. ಹೆಡ್ಡನ್ನು ಐಪಿಎ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಮೊಬೈಲ್ ರಿಪೇರಿಯವರ ಹತ್ತಿರ ಅದು ಇರುತ್ತೆ. ಎಷ್ಟೋ ಸಲ 'ಕ್ಯಾಸೆಟ್ ಮಂಕಾಗಿದೆ' ಅನ್ನೋದು ಹೆಡ್ ಮೇಲಿನ ಕೊಳೆ ಅಷ್ಟೇ. ಆಮೇಲೂ ಮಂಕಾಗಿದ್ದರೆ ಹೆಡ್ ಪಕ್ಕದ ಸ್ಕ್ರೂ ತಿರುಗಿಸಿ ಹೆಡ್ಡಿನ ಕೋನ ಸರಿ ಮಾಡಬೇಕು. ಅದು ಹಳೇ ರೇಡಿಯೋ ಮೆಕ್ಯಾನಿಕ್ ಕೆಲಸ, ನೀವೇ ಕೈ ಹಾಕಬೇಡಿ.

ಕನ್ವರ್ಟರ್ ಆರಿಸುವಾಗ

ಪ್ಲೇಯರ್‌ನಿಂದ ಬರೋ ವಿದ್ಯುತ್ ಅಲೆಯನ್ನು ಕಂಪ್ಯೂಟರ್ ಅಂಕಿಗಳಾಗಿ ಮಾಡುವ ಡಬ್ಬಿಯೇ ಕನ್ವರ್ಟರ್. ಲ್ಯಾಪ್‌ಟಾಪ್‌ನ ಒಂದೇ ತೂತಿಗೆ ನೇರ ವೈರ್ ಚುಚ್ಚಬೇಡಿ. ಅದು ಮೈಕ್‌ಗೆ ಇರೋದು. ಸಣ್ಣ ಸಿಗ್ನಲ್‌ಗೆ ಲೆಕ್ಕ ಹಾಕಿರ್ತಾರೆ, ಕ್ಯಾಸೆಟ್ ದನಿ ಅಲ್ಲಿ ಒಡೆಯುತ್ತೆ, ಎರಡು ಚಾನೆಲ್ ಇದ್ದರೂ ಸಾಮಾನ್ಯವಾಗಿ ಒಂದೇ ಸಿಗುತ್ತೆ. ಕೆಲವು ನೂರು ರೂಪಾಯಿಯ ಯುಎಸ್‌ಬಿ ಡಾಂಗಲ್‌ಗಳಲ್ಲೂ ಹೆಚ್ಚಾಗಿ ಇರೋದು ಮೈಕ್ ಇನ್‌ಪುಟ್ ಮಾತ್ರ.

ಬೇಕಾದ್ದು 'ಲೈನ್ ಇನ್' ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್. ಹಿಂದೆ ಕೆಂಪು-ಬಿಳಿ ತೂತು ಇದ್ದರೆ ವೈರ್ ಸುಲಭ. ಆದರೆ ಅವು 'ಇನ್' ಅಂತ ಬರೆದಿರೋವೇನಾ ನೋಡಿಕೊಳ್ಳಿ.

ಅಂಗಡಿಯಲ್ಲಿ '192 ಕಿಲೋಹರ್ಟ್ಸ್ ಸಾರ್' ಅಂತ ದುಬಾರಿ ಮಾಡೆಲ್ ತೋರಿಸಿದರೆ ಮರುಳಾಗಬೇಡಿ. ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ನಲ್ಲಿ ಅಷ್ಟು ಸೂಕ್ಷ್ಮ ದನಿ ಇರೋದೇ ಇಲ್ಲ. 48 ಕಿಲೋಹರ್ಟ್ಸ್, 24 ಬಿಟ್ ಧಾರಾಳ ಸಾಕು. ಸಿಡಿಯ ಅಳತೆಯೇ 44.1 ಕಿಲೋಹರ್ಟ್ಸ್, 16 ಬಿಟ್.

ರೆಕಾರ್ಡ್ ಮಾಡುವಾಗ

ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಉಚಿತ, ಕನ್ನಡದ ಯಾವ ಹಾಡುಗಾರಿಕೆಗೂ ಸಾಕಾಗುತ್ತೆ. ಮೊದಲು ಅತಿ ಜೋರಾದ ಭಾಗ ಓಡಿಸಿ ಲೆವೆಲ್ ನೋಡಿ. ಮೀಟರ್ ಮೈನಸ್ 6 ದಾಟದಂಗೆ ಇಡಿ. ಸೊನ್ನೆ ಮುಟ್ಟಿದರೆ ದನಿಯ ತುದಿ ಕತ್ತರಿಸಿಹೋಗುತ್ತೆ. ಕಮ್ಮಿ ಇದ್ದರೆ ಆಮೇಲೆ ಏರಿಸಬಹುದು, ಕತ್ತರಿಸಿದ್ದು ವಾಪಸ್ ಬರಲ್ಲ.

ಮೊದಲ ಕಾಪಿ ವೇವ್ ಅಥವಾ ಫ್ಲಾಕ್ ಫೈಲ್ ಆಗಿರಲಿ. ಎಂಪಿ3 ಜಾಗ ಉಳಿಸೋಕೆ ದನಿಯ ಕೆಲವು ಅಂಶಗಳನ್ನು ಬಿಸಾಕುತ್ತೆ. 48-24ರ ಸ್ಟೀರಿಯೋ ವೇವ್ ಒಂದು ಗಂಟೆಗೆ ಸುಮಾರು 1 ಜಿಬಿ. 60 ನಿಮಿಷದ ಹತ್ತು ಕ್ಯಾಸೆಟ್‌ಗೆ 10 ಜಿಬಿ. ಈಗಿನ ಪೆನ್‌ಡ್ರೈವ್‌ಗೆ ಇದೇನು ಭಾರ ಅಲ್ಲ.

ಸದ್ದು ತೆಗೆಯೋದು ಕಾಪಿಯಲ್ಲಿ ಮಾತ್ರ

'ಸ್' ಅನ್ನೋ ಸದ್ದು ತೆಗೆಯೋಕೆ ಆಡಾಸಿಟಿಯಲ್ಲಿ ದಾರಿ ಇದೆ. ಹಾಡು ಶುರುವಾಗುವ ಮುಂಚಿನ ಖಾಲಿ ಸದ್ದನ್ನು ಒಂದು ಸೆಕೆಂಡ್ ಮಾದರಿಯಾಗಿ ತೋರಿಸಿದರೆ ಅದೇ ಥರದ್ದನ್ನು ಎಲ್ಲ ಕಡೆ ತಗ್ಗಿಸುತ್ತೆ. 6ರಿಂದ 12 ಡೆಸಿಬಲ್ ಒಳಗೇ ಇರಿ. ಜಾಸ್ತಿ ಮಾಡಿದರೆ ದನಿ ಕೊಡದೊಳಗಿಂದ ಬಂದಂಗಾಗುತ್ತೆ.

ಒಂದೇ ಬಟನ್‌ನಲ್ಲಿ 'ಕ್ಲೀನ್' ಮಾಡುವ ಎಐ ಆ್ಯಪ್‌ಗಳ ಬಗ್ಗೆ ಇನ್ನೂ ಹುಷಾರು. ಅವುಗಳಲ್ಲಿ ಹೆಚ್ಚಿನವು ಮಾತಿಗೆ ಮಾಡಿದಂಥವು. ತಾಳ, ಮದ್ದಳೆ, ಜನರ ನಗು ಎಲ್ಲವನ್ನೂ ಗಲಾಟೆ ಅಂದುಕೊಂಡು ಅಳಿಸಬಹುದು. ಬಯಲಾಟದಲ್ಲಿ ಜನರ ಕೂಗು ಇಲ್ಲದಿದ್ದರೆ ಇನ್ನೇನು ಉಳೀತು? ಅದಕ್ಕೇ ಮೂಲ ಫೈಲ್ ಮುಟ್ಟದೆ ಕಾಪಿಯಲ್ಲಿ ಕೆಲಸ ಮಾಡಿ.

ಅಂಗಡಿಗೆ ಕೊಡ್ತೀರಾ? ಈ ನಾಲ್ಕು ಕೇಳಿ

1. ಪ್ರತಿ ಕ್ಯಾಸೆಟ್ ಪೂರ್ತಿ ಓಡಿಸ್ತೀರಾ? 60 ನಿಮಿಷದ್ದಕ್ಕೆ 60 ನಿಮಿಷ ಬೇಕೇ ಬೇಕು. ಒಂದೇ ಪ್ಲೇಯರ್ ಇಟ್ಟುಕೊಂಡು ಹತ್ತು ಕ್ಯಾಸೆಟ್ ಎರಡೇ ಗಂಟೆಯಲ್ಲಿ ಕೊಡ್ತೀವಿ ಅಂದರೆ ವೇಗ ಹೆಚ್ಚಿಸಿ ಓಡಿಸ್ತಾರೆ ಅಂತಲೇ ಅರ್ಥ.
2. ಲೈನ್ ಇನ್ ಬಳಸ್ತೀರಾ, ಮೈಕ್ ಇನ್ ಬಳಸ್ತೀರಾ?
3. ಎಂಪಿ3 ಜೊತೆ ವೇವ್ ಫೈಲ್ ಕೊಡ್ತೀರಾ?
4. ಸದ್ದು ತೆಗೆಯದ ಮೂಲ ಕಾಪಿ ಬೇರೆ ಇಟ್ಟು ಕೊಡ್ತೀರಾ?

ಮೊದಲು ಒಂದೇ ಕ್ಯಾಸೆಟ್ ಕೊಟ್ಟು ಕೇಳಿ ನೋಡಿ, ಆಮೇಲೆ ಉಳಿದದ್ದು. ಫೋಟೋ ಸ್ಟುಡಿಯೋ, ಮೊಬೈಲ್ ಅಂಗಡಿಯವರಿಗೂ ಇದು ಒಳ್ಳೇ ಉಪ-ಕೆಲಸ. ಕೆಲವು ಸಾವಿರದ ಇಂಟರ್‌ಫೇಸ್, ಒಂದು ಒಳ್ಳೇ ಡೆಕ್, ತಾಳ್ಮೆ ಇದ್ದರೆ ಆಯ್ತು.

ಕೊನೆಗೆ

ಫೈಲ್ ಕನಿಷ್ಠ ಎರಡು ಕಡೆ ಇರಲಿ, ಒಂದು ಬೇರೆ ಮನೆಯಲ್ಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಕ್ಯಾಸೆಟ್ ಬಿಸಾಕಬೇಡಿ, ಸ್ಪೀಕರ್ ಹತ್ತಿರ ಇಡಬೇಡಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ.

ಫೈಲ್‌ಗೆ 'ಆಡಿಯೋ 1' ಅಂತ ಹೆಸರಿಡಬೇಡಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಅಂತ ಬರೆಯಿರಿ. ಆ ದನಿ ಗುರುತಿಸೋಕೆ ಮನೆಯಲ್ಲಿ ಇನ್ನೂ ಅಜ್ಜಿ ಇದ್ದರೆ ಇವತ್ತೇ ಪಕ್ಕ ಕೂತು ಕೇಳಿಸಿ, ಅವರು ಹೇಳಿದ್ದನ್ನೂ ಬರೆದಿಡಿ.